ರೇನಾಕ್ಸ್ ಡಿಸಿಆರ್-150: 1:64 ಕಾರುಗಳ ಫೋಟೋಗೆ ಇದೇ ಸಾಕು, 250 ಬೇಡ

ಚಿಕ್ಕ ಕಾರು ಸೇರಿಸುವ ಗೆಳೆಯರು ಫೋಟೋ ವಿಷಯ ಬಂದಾಗ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. ಚಿಕ್ಕ ವಸ್ತುವನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ತಗೊಳ್ಳಬೇಕಾ? ಈಗಲೇ ಬೇಡ ಅನ್ನೋದು ನನ್ನ ಉತ್ತರ. ಮನೆಯಲ್ಲಿ ಕ್ಯಾಮೆರಾ ಇದ್ದು, ಅದರ ಜೊತೆ 55-250 ತರಹದ ಒಂದು ಟೆಲಿ ಜೂಮ್ ಇದ್ದರೆ, ಅದರ ಮೂತಿಗೆ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-150 ಅನ್ನೋ ಪುಟ್ಟ ಲೆನ್ಸ್ ತಗೊಳ್ಳಿ. ಒಳ್ಳೆಯ ಮ್ಯಾಕ್ರೋ ಲೆನ್ಸಿನ ಬೆಲೆಯಲ್ಲಿ ಒಂದು ಸಣ್ಣ ಭಾಗಕ್ಕೆ ಸಿಗುತ್ತದೆ. ಹಾಟ್ ವೀಲ್ಸ್, ಮ್ಯಾಚ್‌ಬಾಕ್ಸ್, ಟೊಮಿಕಾ, ಮಿನಿ ಜಿಟಿ, ಯಾವುದೇ ಆಗಲಿ, 1:64ರ, ಅಂದರೆ ನಿಜದ ಕಾರಿನ 64ನೇ ಒಂದು ಪಾಲು ಅಳತೆಯ ಕಾರಿಗೆ ಬೇಕಾದ ಕೆಲಸವನ್ನೆಲ್ಲ ಇದು ಮಾಡುತ್ತದೆ. ಇದರ ಅಣ್ಣ ಡಿಸಿಆರ್-250 ಹೆಚ್ಚು ಹೆಸರು ಮಾಡಿದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಅದು ಇರುವೆ, ಜೇಡ, ನೊಣದ ಕಣ್ಣು ತೆಗೆಯುವವರಿಗೆ ಸರಿ. ಕಾರಿಗೆ 150.

ಯಾಕೆ ಅಂತ ಹೇಳುವ ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಇದು ಜಪಾನಿನ ಕ್ಲೋಸ್‌ಅಪ್ ಲೆನ್ಸ್. ಕ್ಯಾಮೆರಾಗೆ ನೇರವಾಗಿ ಹಾಕುವುದಲ್ಲ, ಇರುವ ಲೆನ್ಸಿನ ಮುಂದೆ ಹಾಕುವುದು. 150ರ ಶಕ್ತಿ 4.8 ಡಯಾಪ್ಟರ್, 250ರದ್ದು 8. ಈ ಅಂಕಿ ಹೆಚ್ಚಾದಷ್ಟೂ ಹತ್ತಿರದಿಂದ, ದೊಡ್ಡದಾಗಿ ತೆಗೆಯಬಹುದು. ಅಂಗಡಿಗಳಲ್ಲಿ +1, +2, +4, +10 ಅಂತ ನಾಲ್ಕು ಫಿಲ್ಟರ್ ಸೇರಿಸಿ ಅಗ್ಗದಲ್ಲಿ ಕೊಡುವ ಸೆಟ್ ನೋಡಿರುತ್ತೀರಿ. ಅದರಲ್ಲಿ ಪ್ರತಿಯೊಂದೂ ಒಂದೇ ಗಾಜು. ಕ್ರೋಮ್ ಬಂಪರಿನ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಎದ್ದು ಕಾಣುತ್ತದೆ, ಮೂಲೆಗಳು ಕಲಸಿಹೋಗುತ್ತವೆ. ರೇನಾಕ್ಸ್ ಹಾಗಲ್ಲ. ಹಲವು ಗಾಜು ಸೇರಿಸಿ ಬಣ್ಣದ ದೋಷ ತಿದ್ದಿರುವ ಲೆನ್ಸ್ ಇದು, ಅದಕ್ಕೇ ಬೆಳ್ಳಿ ಬಣ್ಣದ ಅಂಚು ಬೆಳ್ಳಿಯಾಗಿಯೇ ಬರುತ್ತದೆ. ಕಾರಿನ ಫೋಟೋದಲ್ಲಿ ಇದು ಹೂವಿನ ಫೋಟೋಗಿಂತ ಜಾಸ್ತಿ ಮುಖ್ಯ, ಯಾಕೆಂದರೆ ಕಾರಿನ ತುಂಬ ಹೊಳೆಯುವ ಅಂಚುಗಳೇ.

ಜೊತೆಗೆ ಒಂದು ಕ್ಲಿಪ್ ಅಡಾಪ್ಟರ್ ಬರುತ್ತದೆ. ಎರಡು ಬದಿ ಬೆರಳಲ್ಲಿ ಒತ್ತಿ 52ರಿಂದ 67 ಮಿಮೀ ಫಿಲ್ಟರ್ ಅಳತೆಯ ಯಾವ ಲೆನ್ಸಿಗಾದರೂ ಸಿಕ್ಕಿಸಬಹುದು. ಹಾಕೋದು, ತೆಗೆಯೋದು ಒಂದು ಕ್ಷಣದ ಕೆಲಸ. ಆದರೂ ನಾನು ಮನೆಯೊಳಗೆ ಕ್ಲಿಪ್ ಬಳಸುವುದಿಲ್ಲ. ಜೂಮಿನ 58ರ ತಿರುಪಿನಿಂದ ರೇನಾಕ್ಸಿನ 43ಕ್ಕೆ ಇಳಿಸುವ ಸ್ಟೆಪ್ ಡೌನ್ ರಿಂಗ್ ಹಾಕಿ ತಿರುಪಿಬಿಟ್ಟರೆ ಲೆನ್ಸ್ ಒಂದಿಷ್ಟೂ ಅಲುಗುವುದಿಲ್ಲ. ಲೋಹದ ಆ ರಿಂಗಿನ ಖರ್ಚು ಜಾಸ್ತಿಯೇನಲ್ಲ, ತಗೊಳ್ಳುವಾಗಲೇ ಜೊತೆಗೆ ತಗೊಳ್ಳಿ.

ಈಗ ಮುಖ್ಯ ಮಾತು. ಪೂರ್ತಿ ಕಾರನ್ನು ಚೌಕಟ್ಟಿನಲ್ಲಿ ತುಂಬಿಸಲು ನಿಮಗೆ ರೇನಾಕ್ಸ್ ಬೇಕಾಗಿಯೇ ಇಲ್ಲ. ನಿಜವಾದ ಕಾರು ನಾಲ್ಕೂವರೆ ಮೀಟರ್ ಅಂದರೆ 1:64ರಲ್ಲಿ ಅದು ಸುಮಾರು 7 ಸೆಂಮೀ. ಕ್ಯಾನನ್‌ನ 18-55 ಎಫ್3.5-5.6 ಎಸ್‌ಟಿಎಂ ಕಿಟ್ ಲೆನ್ಸ್ 25 ಸೆಂಮೀ ದೂರದಲ್ಲಿ 0.36 ಪಟ್ಟು ತೋರಿಸುತ್ತದೆ, ಅಂದರೆ ಸೆನ್ಸರಿನ ಮೇಲೆ ಬೀಳುವ ಬಿಂಬ ವಸ್ತುವಿನ 0.36ರಷ್ಟು. ಕ್ರಾಪ್ ಸೆನ್ಸರಿನ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾದಲ್ಲಿ ಆಗ ಚೌಕಟ್ಟಿನ ಅಗಲ ಸುಮಾರು 6 ಸೆಂಮೀ. ಕಾರು ಪೂರ್ತಿ ತುಂಬಿ, ಸ್ವಲ್ಪ ಹೊರಗೂ ಹೋಗುತ್ತದೆ! ಡಬ್ಬದಲ್ಲಿ ಬಂದ ಲೆನ್ಸಿಗೆ ಇಷ್ಟು ಶಕ್ತಿ ಇದೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. 55-250 ಎಸ್‌ಟಿಎಂ ಕೂಡ 85 ಸೆಂಮೀ ದೂರದಿಂದ 0.29 ಪಟ್ಟು ಕೊಡುತ್ತದೆ, ಅದರಲ್ಲೂ ಕಾರು ಆರಾಮವಾಗಿ ತುಂಬುತ್ತದೆ. ಹಾಗಾಗಿ ಶೆಲ್ಫಿನ ಕಾರುಗಳನ್ನು ಪಕ್ಕದಿಂದ, ಮುಕ್ಕಾಲು ಕೋನದಿಂದ ತೆಗೆದಿಟ್ಟುಕೊಂಡರೆ ಸಾಕು ಅನ್ನುವವರು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ರೇನಾಕ್ಸ್ ಬೇಕಾಗುವುದು ಅದರ ಆಚೆಗೆ. ಗ್ರಿಲ್ಲು, ಹೆಡ್‌ಲೈಟು, ಬಾಗಿಲ ಮೇಲೆ ಒತ್ತಿದ ಸ್ಟಿಕ್ಕರಿನಂಥ ಅಚ್ಚು, ಚಕ್ರದ ಕಡ್ಡಿಗಳು, ಅಡಿಯ ತಗಡಿನ ಅಕ್ಷರ. ಲೆಕ್ಕ ಸುಲಭ. ಜೂಮ್ ಲೆನ್ಸಿನ ಫೋಕಸ್ ದೂರಕ್ಕೆ, ಅಂದರೆ ಇನ್ಫಿನಿಟಿಗೆ ಇಟ್ಟಾಗ ಫೋಕಲ್ ಲೆಂಗ್ತನ್ನು (ಜೂಮ್ ರಿಂಗಿನ ಮೇಲಿನ ಮಿಮೀ ಅಂಕಿ) 208ರಿಂದ, ಅಂದರೆ 150ರ ಫೋಕಲ್ ಲೆಂಗ್ತಿನಿಂದ, ಭಾಗಿಸಿ. 100 ಮಿಮೀಯಲ್ಲಿ ಸುಮಾರು ಅರ್ಧ ಪಟ್ಟು, ಕಾರಿನ ಮೂರರಲ್ಲಿ ಎರಡು ಭಾಗ. 135ರಲ್ಲಿ ಚೌಕಟ್ಟಿನ ಅಗಲ ಮೂರೂವರೆ ಸೆಂಮೀ ಹತ್ತಿರ, ಕಾರಿನ ಇಡೀ ಮುಖ ಸರಿಯಾಗಿ ಕೂರುತ್ತದೆ. 250 ಮಿಮೀಯಲ್ಲಿ 1.2 ಪಟ್ಟು, ಅಂದರೆ ಚೌಕಟ್ಟು 2 ಸೆಂಮೀಗಿಂತ ಕಡಿಮೆ. ಒಂದು ಹೆಡ್‌ಲೈಟ್, ಅದರ ಪಕ್ಕದ ಚಕ್ರ, ಅಷ್ಟೇ. ಹಾಟ್ ವೀಲ್ಸ್ ಕಾರಿನಲ್ಲಿ ಇದಕ್ಕಿಂತ ಹತ್ತಿರ ಹೋದರೆ ಹೊಸದಾಗಿ ಸಿಗುವುದು ಕಡಿಮೆ. ಅಚ್ಚಿನ ಬಣ್ಣದ ಒರಟು ಅಂಚು ಮಾತ್ರ ಕಾಣತೊಡಗುತ್ತದೆ. ಡಿಸಿಆರ್-250 ಹಾಕಿದರೆ ಪೂರ್ತಿ ಜೂಮಿನಲ್ಲಿ 2 ಪಟ್ಟು, ಚೌಕಟ್ಟಿನ ತುಂಬ ಒಂದು ಚಕ್ರ. ಎಷ್ಟು ಸಲ ಬೇಕಾಗುತ್ತದೆ ಅದು?

ಆದರೆ ನಾನು 150 ಅನ್ನಲು ದೊಡ್ಡ ಕಾರಣ ದೂರ. 150 ಹಾಕಿದಾಗ ಲೆನ್ಸಿನ ಮೂತಿಗೂ ಕಾರಿಗೂ ನಡುವೆ ಸುಮಾರು 20 ಸೆಂಮೀ ಜಾಗ ಉಳಿಯುತ್ತದೆ. 250ರಲ್ಲಿ 12 ಚಿಲ್ಲರೆ. ಎಂಟು ಸೆಂಮೀ ವ್ಯತ್ಯಾಸ ತಾನೇ ಅನ್ನಿಸಬಹುದು. ಟೇಬಲ್ ಲ್ಯಾಂಪ್ ಇಟ್ಟು ಕೆಲಸ ಶುರು ಮಾಡಿದಾಗ ಗೊತ್ತಾಗುತ್ತದೆ ಆ ಎಂಟರ ಬೆಲೆ. ಹತ್ತಿರ ಹೋದಷ್ಟೂ ಲೆನ್ಸಿನ ನೆರಳು ಕಾರಿನ ಮೇಲೆ ಬೀಳುತ್ತದೆ, ಅದಕ್ಕಿಂತ ಕೆಟ್ಟದ್ದು ಬಾನೆಟ್ ಮೇಲೆ ಲೆನ್ಸಿನ ಕಪ್ಪು ದುಂಡು ಬಿಂಬ. ಕಪ್ಪು ಕಾರಿನಲ್ಲಿ, ಕ್ರೋಮ್ ಕಾರಿನಲ್ಲಿ ಅದನ್ನು ತಪ್ಪಿಸೋದು ತುಂಬ ಕಷ್ಟ. 20 ಸೆಂಮೀ ಇದ್ದರೆ ಮಧ್ಯೆ ಒಂದು ಬಿಳಿ ಹಾಳೆ ತೂರಿಸಬಹುದು, ಪಕ್ಕದಿಂದ ಬೆಳಕು ತರಬಹುದು, ಕುಂಚದಲ್ಲಿ ಧೂಳು ತೆಗೆಯಬಹುದು, ಕ್ಯಾಮೆರಾ ಕದಲಿಸದೆ.

ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಚಿಕ್ಕ ಕಾರು ನಿಜದ ಕಾರಿನಂತೆ ಕಾಣಬೇಕು ಅಂದರೆ ದೂರವನ್ನೂ 64ರಿಂದ ಗುಣಿಸಿ ನೋಡಬೇಕು. 20 ಸೆಂಮೀ ಅಂದರೆ ಕಾರಿನ ಲೆಕ್ಕದಲ್ಲಿ ಹದಿಮೂರು ಮೀಟರ್ ಹತ್ತಿರ. ರಸ್ತೆಯ ಆಚೆ ಬದಿ ನಿಂತು ಈಚೆ ನಿಂತ ಕಾರು ನೋಡಿದ ಹಾಗೆ. ಮೈಕಟ್ಟು ಸರಿಯಾಗಿ ಕಾಣುತ್ತದೆ. ಫೋನಿನ ಮ್ಯಾಕ್ರೋದಲ್ಲಿ ತೆಗೆದ ಕಾರಿನ ಮೂತಿ ಊದಿಕೊಂಡು, ಹಿಂಭಾಗ ಬಾಲದಷ್ಟಾಗಿ ಕಾಣುವುದು ಇದಕ್ಕೇ. 2021ರ ಐಫೋನ್ 13 ಪ್ರೋ 2 ಸೆಂಮೀ ತನಕ ಹತ್ತಿರ ಫೋಕಸ್ ಮಾಡುತ್ತದೆ, ಅದೂ ಅಲ್ಟ್ರಾ ವೈಡ್ ಕ್ಯಾಮೆರಾದಲ್ಲಿ. 2 ಸೆಂಮೀ ಇಂಟು 64 ಅಂದರೆ 1.28 ಮೀಟರ್. ನಿಜದ ಕಾರಿನ ಬಂಪರಿಗೆ ಅಷ್ಟು ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಅದೂ ಹಾಗೇ ಬರುತ್ತದೆ. ಫೋನಿನ ತಪ್ಪಲ್ಲ ಅದು. ಫೋನಿನಲ್ಲೇ ತೆಗೆಯುವವರು ಮ್ಯಾಕ್ರೋ ಆಫ್ ಮಾಡಿ, ಸ್ವಲ್ಪ ಹಿಂದೆ ಬಂದು, 2 ಅಥವಾ 3 ಪಟ್ಟು ಜೂಮ್ ಮಾಡಿ ನೋಡಿ. ಬಹಳ ಚೆನ್ನಾಗಿ ಬರುತ್ತದೆ.

ಎತ್ತರಕ್ಕೂ ಇದೇ ಲೆಕ್ಕ. ನಾವು ನಿಂತು ನೋಡುವ ಕಣ್ಣಿನ ಎತ್ತರ ಒಂದೂವರೆ ಮೀಟರ್ ಅಂದುಕೊಂಡರೆ 1:64ರಲ್ಲಿ ಅದು 2.3 ಸೆಂಮೀ ಮಾತ್ರ. ಕ್ಯಾಮೆರಾವನ್ನು ಟೇಬಲ್ ಮೇಲೆ ಮಲಗಿಸಿಟ್ಟರೂ ಲೆನ್ಸಿನ ನಡುಭಾಗ ಅದಕ್ಕಿಂತ ಮೇಲೇ ಇರುತ್ತದೆ. ಹಾಗಾಗಿ ಕ್ಯಾಮೆರಾ ಇಳಿಸೋದಕ್ಕಿಂತ ಕಾರನ್ನು ಏರಿಸಿ. ಎರಡು ದಪ್ಪ ಪುಸ್ತಕದ ಮೇಲೆ ಹಲಗೆ ಇಟ್ಟು, ಕಾರನ್ನು ಹಲಗೆಯ ಅಂಚಿಗೆ ತಂದರೆ ಬೇಕಾದ ಎತ್ತರ ಸಿಗುತ್ತದೆ. ಇಷ್ಟು ಮಾಡಿದರೆ ಸಾಕು, ಆಟಿಕೆ ಅನ್ನೋ ಭಾವನೆ ಅರ್ಧ ಹೋಗಿಬಿಡುತ್ತದೆ.

ರೇನಾಕ್ಸ್ ಪರಿಹರಿಸದ ಒಂದು ವಿಷಯ ಇದೆ. ಅದು ಫೋಕಸಿನ ಆಳ. ಯಾವ ಮ್ಯಾಕ್ರೋ ಲೆನ್ಸೂ ಪರಿಹರಿಸಲ್ಲ, ದುಡ್ಡು ಎಷ್ಟೇ ಹಾಕಿ. ಪೂರ್ತಿ ಕಾರು ತುಂಬಿದಾಗ, ಎಫ್11ರಲ್ಲಿ (ಎಫ್ ಅಂಕಿ ಹೆಚ್ಚಾದಷ್ಟೂ ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಂಡಿ, ಚಿಕ್ಕದು), ಕ್ರಾಪ್ ಸೆನ್ಸರಿನಲ್ಲಿ ಚೂಪಾಗಿ ಬರುವುದು ಸುಮಾರು 6 ಮಿಮೀ. ಕಾರಿನ ಮುಖ ಮಾತ್ರ ತುಂಬಿದಾಗ ಎರಡು ಮಿಮೀ ಕೂಡ ಇಲ್ಲ. 1.2 ಪಟ್ಟಿನಲ್ಲಿ ಒಂದು ಮಿಮೀಗಿಂತ ಕಡಿಮೆ. ಹೆಡ್‌ಲೈಟ್ ಚೂಪಾದರೆ ಪಕ್ಕದ ಮಡ್‌ಗಾರ್ಡ್ ಮಸುಕು. ಎಫ್22, ಎಫ್32 ಹಾಕಿದರೆ ಆಳ ಸಿಗುತ್ತದೆ, ಆದರೆ ಚಿಕ್ಕ ಕಂಡಿಯಲ್ಲಿ ಬೆಳಕು ಹರಡುವ ಡಿಫ್ರ್ಯಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಾನು ಎಫ್8ರಿಂದ ಎಫ್11ರ ಒಳಗೇ ಇರುತ್ತೇನೆ.

ಎರಡು ದಾರಿ ಇದೆ. ಒಂದು, ಕಾರನ್ನು ಸೆನ್ಸರಿಗೆ ಸಮಾನಾಂತರವಾಗಿ ನಿಲ್ಲಿಸೋದು. ಪೂರ್ತಿ ಪಕ್ಕದ ನೋಟ, ಪೂರ್ತಿ ಎದುರಿನ ನೋಟ, ಪೂರ್ತಿ ಹಿಂದಿನ ನೋಟ. ಬಾಗಿಲ ಮೇಲಿನ ಅಚ್ಚು, ಅಡಿಯ ಅಕ್ಷರ ಇವಕ್ಕೆ ಇದು ಸಾಕು. ಇನ್ನೊಂದು, ಫೋಕಸ್ ಸ್ಟ್ಯಾಕಿಂಗ್. ಮೂತಿಯಿಂದ ಹಿಂಭಾಗದ ತನಕ ಫೋಕಸನ್ನು ಚೂರು ಚೂರೇ ಸರಿಸುತ್ತ ಹಲವು ಫೋಟೋ ತೆಗೆದು, ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಅಥವಾ ಫೋಟೋಶಾಪಿನಲ್ಲಿ ಒಂದು ಮಾಡೋದು. ಕಾರು ಕದಲದ ವಸ್ತು, ಕಾಯುತ್ತದೆ, ಗಾಳಿಗೆ ಅಲ್ಲಾಡಲ್ಲ. ಸ್ಟ್ಯಾಕಿಂಗಿಗೆ ಇದಕ್ಕಿಂತ ಒಳ್ಳೆಯ ಮಾಡೆಲ್ ಸಿಗಲ್ಲ. ಇಲ್ಲಿ ರೇನಾಕ್ಸಿನ ಒಂದು ಗುಣ ನನಗೆ ಬಹಳ ಇಷ್ಟ. ಜೂಮ್ ಲೆನ್ಸಿನ ಆಟೋಫೋಕಸ್, ಅಪರ್ಚರ್ ಎಲ್ಲ ಹಾಗೇ ಕೆಲಸ ಮಾಡುತ್ತದೆ, ಹಾಗಾಗಿ ಫೋಕಸ್ ರಿಂಗನ್ನು ನಿಧಾನ ತಿರುಗಿಸಿಯೇ ಸ್ಟ್ಯಾಕ್ ಮಾಡಬಹುದು, ಕ್ಯಾಮೆರಾವನ್ನು ಚೂರು ಚೂರೇ ಸರಿಸುವ ರೈಲ್ ಬೇಕಿಲ್ಲ. ಟ್ರೈಪಾಡ್ ಬೇಕೇ ಬೇಕು. ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ ಫೋಕಸ್ ನೋಡಿ, 2 ಸೆಕೆಂಡ್ ಟೈಮರ್ ಹಾಕಿ, ಫ್ಯಾನ್ ಆಫ್ ಮಾಡಿ.

ಬೆಳಕು ಸಾಲದೇ ಹೋಗುವ ತೊಂದರೆಯೂ ಇಲ್ಲ. ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕುವ ಟೊಳ್ಳು ಕೊಳವೆ, ಅಂದರೆ ಎಕ್ಸ್‌ಟೆನ್ಷನ್ ಟ್ಯೂಬ್, ಹಾಕಿದರೆ ಲೆನ್ಸ್ ಮುಂದೆ ಸರಿದು ಬೆಳಕು ಕಡಿಮೆಯಾಗುತ್ತದೆ, ವ್ಯೂಫೈಂಡರ್ ಮಂಕಾಗುತ್ತದೆ. ರೇನಾಕ್ಸಿನಲ್ಲಿ ಹಾಗಾಗಲ್ಲ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇಲ್ಲದ ಅಗ್ಗದ ಟ್ಯೂಬುಗಳಲ್ಲಿ ಕ್ಯಾನನ್ ಲೆನ್ಸಿನ ಅಪರ್ಚರ್ ಬದಲಿಸಲೂ ಆಗಲ್ಲ, ಪೂರ್ತಿ ತೆರೆದೇ ಇರುತ್ತದೆ. ಆಳವೇ ಮುಖ್ಯವಾದ ಕೆಲಸದಲ್ಲಿ ಅದನ್ನಿಟ್ಟುಕೊಂಡು ಏನು ಮಾಡೋದು?

ಇದರ ಮಿತಿ ಯಾವುದು ಅಂದರೆ, ಗಾಜು ಚಿಕ್ಕದು. ಜೂಮನ್ನು 55, 70ರ ಕಡೆ ತಂದರೆ ಮೂಲೆಗಳು ಕಪ್ಪಾಗುತ್ತವೆ. 100ರ ಮೇಲೆ ಇಟ್ಟುಕೊಳ್ಳಿ. 18-55ಕ್ಕೆ ಇದನ್ನು ಹಾಕುವ ಯೋಚನೆ ಬೇಡ. ರೇನಾಕ್ಸ್ ಹಾಕಿಕೊಂಡೇ ದೂರದ ವಸ್ತು ತೆಗೆಯಲೂ ಆಗಲ್ಲ. ಒಂದು ಪೂರ್ತಿ ಕಾರು, ಆಮೇಲೆ ಅದರ ಗ್ರಿಲ್ಲು, ಮತ್ತೆ ಪೂರ್ತಿ ಕಾರು ಅಂತ ತೆಗೆಯುವವರು ಹಾಕಿ ತೆಗೆದು ಮಾಡಬೇಕು. ಅಂಥವರಿಗೆ ನಿಜವಾದ 90 ಅಥವಾ 100 ಮಿಮೀ ಮ್ಯಾಕ್ರೋ ಲೆನ್ಸೇ ಸುಖ. ಅದು ದೂರದಿಂದ 1:1ರ, ಅಂದರೆ ಪೂರ್ತಿ ಒಂದು ಪಟ್ಟಿನ ತನಕ ನಿಲ್ಲದೆ ಹೋಗುತ್ತದೆ, ಮೂಲೆಗಳೂ ಚೂಪು. ಆ ಸುಖಕ್ಕೆ ಕೊಡುವ ಬೆಲೆ ಬೇರೆ. ಆ ದುಡ್ಡಿನಲ್ಲಿ ಎಷ್ಟು ಕಾರು ಬರುತ್ತವೆ ಅಂತ ಯೋಚಿಸುವವನು ನಾನು.

ಹಾಗಾದರೆ ಇಷ್ಟು ಹತ್ತಿರದಿಂದ ನೋಡಿ ಏನು ಪ್ರಯೋಜನ? ಬಹಳ ಇದೆ. ಹಾಟ್ ವೀಲ್ಸ್ ಅಡಿಯಲ್ಲಿ ಮುದ್ರೆಯಾಗಿರುವ ಇಸವಿ ಆ ಕಾರು ತಯಾರಾದ ವರ್ಷ ಅಲ್ಲ, ಆ ಮಾದರಿಯ ಅಚ್ಚಿಗೆ ಸೇರಿದ್ದು. ತಯಾರಾದ ಕಾಲ ತಿಳಿಯಲು ಬೇಸ್ ಕೋಡ್ ನೋಡಬೇಕು. ವರ್ಷಕ್ಕೆ ಒಂದು ಅಕ್ಷರ, ವಾರಕ್ಕೆ ಎರಡು ಅಂಕಿ. ಬರಿಗಣ್ಣಿಗೆ ಅದು ಗೀರಿನಂತೆ ಕಾಣುತ್ತದೆ. ಪಕ್ಕದಿಂದ ಓರೆ ಬೆಳಕು ಬಿಟ್ಟು ರೇನಾಕ್ಸಿನಲ್ಲಿ ತೆಗೆದರೆ ಸ್ಪಷ್ಟವಾಗಿ ಓದಬಹುದು. 1995ರಲ್ಲಿ ಶುರುವಾದ, ಅಪರೂಪಕ್ಕೆ ಸಿಗುವ ಟ್ರೆಷರ್ ಹಂಟ್ ಸರಣಿ, 2007ರಿಂದ ಬಂದ ಸೂಪರ್ ಟ್ರೆಷರ್ ಹಂಟ್ ಕಾರುಗಳಿಗೆ ಕೈ ಬದಲಾಗುವಾಗ ಒಳ್ಳೆ ಬೆಲೆ ಇದೆ. ಹಾಗಾಗಿ ಬಣ್ಣ ಬಳಿದು, ಚಕ್ರ ಬದಲಿಸಿ ಮಾರುವವರೂ ಇದ್ದಾರೆ. ಅಡಿಯ ರಿವೆಟ್ಟನ್ನು ಕೊರೆದು ಬಿಚ್ಚಿದ್ದರೆ ಅದರ ಗುರುತು ಹತ್ತಿರದ ಫೋಟೋದಲ್ಲಿ ಅಡಗಲ್ಲ. ಮಾರುವವರಿಂದ ರಿವೆಟ್ಟಿನ ಫೋಟೋ ಕೇಳಿ, ನೀವು ಮಾರುವಾಗ ಕೇಳದೆಯೇ ಕೊಡಿ.

ಹಳೆಯ, ಲೆಸ್ನಿ ಕಂಪನಿಯ ಕಾಲದ ಮ್ಯಾಚ್‌ಬಾಕ್ಸ್ ಇದ್ದರಂತೂ ಈ ಲೆನ್ಸ್ ಹಾಕಿ ನೋಡಲೇಬೇಕು. 1953ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಹೆಸರು ಮ್ಯಾಚ್‌ಬಾಕ್ಸ್. ಅಡಿಯಲ್ಲಿ ಲೆಸ್ನಿ ಅಂತ ಉಬ್ಬಿದ ಅಕ್ಷರ, ಬಣ್ಣ ಎದ್ದುಹೋದ ಕಡೆ ಬೂದು ಲೋಹ, ಯಾವುದೋ ಮಗು ವರ್ಷಗಟ್ಟಲೆ ಉಜ್ಜಿ ಆಡಿದ ಗೀರುಗಳು. ಹೊಸ ಕಾರಿನಲ್ಲಿ ಗೀರು ದೋಷ. ಹಳೆಯದರಲ್ಲಿ ಫೋಟೋ ತೆಗೆಯಬೇಕಾದ್ದೇ ಅದನ್ನು.

ಬೆಳಕಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಲೆನ್ಸ್ ತಂದ ಮೇಲೂ ಫೋಟೋ ಚೆನ್ನಾಗಿ ಬರಲ್ಲ ಅನ್ನುವವರ ಸಮಸ್ಯೆ ಸಾಮಾನ್ಯವಾಗಿ ಲೆನ್ಸಿನದಲ್ಲ. ಹೊಳೆಯುವ ಕಾರಿನಲ್ಲಿ ನಮಗೆ ಕಾಣುವುದು ಹೆಚ್ಚಾಗಿ ಸುತ್ತಲಿನ ಬಿಂಬ. 1968ರ ಮೊದಲ ಹಾಟ್ ವೀಲ್ಸ್ ಕಾರುಗಳಲ್ಲಿ ಬಂದ ಸ್ಪೆಕ್ಟ್ರಾಫ್ಲೇಮ್ ಬಣ್ಣ ನೋಡಿ. ನಯ ಮಾಡಿದ ಲೋಹದ ಮೇಲೆ ಪಾರದರ್ಶಕ ಬಣ್ಣ. ಅದರ ಮೇಲೆ ನೇರ ಎಲ್ಇಡಿ ಬಿಟ್ಟರೆ ನಾಲ್ಕು ಬಿಳಿ ಚುಕ್ಕೆ, ಉಳಿದದ್ದು ಕತ್ತಲು. ಕಾರಿನ ಮೇಲೆ, ಸ್ವಲ್ಪ ಹಿಂದಕ್ಕೆ, ದೊಡ್ಡ ಬಟರ್ ಪೇಪರ್ ಹಾಳೆ ಹಿಡಿದು ಅದರ ಮೇಲಿಂದ ಲ್ಯಾಂಪ್ ಬಿಡಿ. ಬಾನೆಟ್ಟಿನಿಂದ ಚಾವಣಿಯ ತನಕ ಒಂದೇ ಉದ್ದ ಬೆಳಕಿನ ಗೆರೆ ಓಡುತ್ತದೆ. ನಿಜದ ಕಾರಿನ ಸ್ಟುಡಿಯೋದಲ್ಲೂ ಇದೇ ಮಾಡುತ್ತಾರೆ, ಅಲ್ಲಿ ಹಾಳೆಯ ಬದಲು ಕೋಣೆಯಷ್ಟು ದೊಡ್ಡ ಬೆಳಕಿನ ಪೆಟ್ಟಿಗೆ. ನೆರಳಿನ ಬದಿಗೆ ಬಿಳಿ ಥರ್ಮಕೋಲ್ ತುಂಡು. ಕಾರಿನ ಅಂಚು ಹಿನ್ನೆಲೆಯಲ್ಲಿ ಕರಗಿಹೋದರೆ ಕಪ್ಪು ಹಾಳೆ ಹಿಡಿದು ಅಂಚಿಗೆ ಕಪ್ಪು ಗೆರೆ ಕೊಡಿ. ಪೋಲರೈಸರ್ ಗಾಜಿನ ಕಿಟಕಿಗೆ, ಬಣ್ಣದ ಮೇಲಿನ ಹೊಳಪಿಗೆ ಸ್ವಲ್ಪ ಸಹಾಯ ಮಾಡುತ್ತದೆ. ಬರೀ ಲೋಹದ ಕ್ರೋಮಿಗೆ ಉಪಯೋಗ ಇಲ್ಲ.

ನೆಲಕ್ಕೂ 64ರ ಲೆಕ್ಕವೇ. ಗಾರ್ಡನ್ನಿನ ಮರಳಿನ ಅರ್ಧ ಮಿಮೀ ಕಾಳು ಈ ಕಾರಿನ ಪಕ್ಕ ಮೂರು ಸೆಂಮೀ ಜಲ್ಲಿಯಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ 120ರ ಕಪ್ಪು ಉಪ್ಪುಕಾಗದ ತನ್ನಿ. ಅದರ ಕಣ ಸುಮಾರು 0.12 ಮಿಮೀ, 64ರಿಂದ ಗುಣಿಸಿದರೆ 8 ಮಿಮೀ ಹತ್ತಿರ, ಟಾರು ರಸ್ತೆಯ ಜಲ್ಲಿಗೆ ಸರಿಹೋಗುತ್ತದೆ. ಅಳತೆ ಹೊಂದುವುದಕ್ಕೇ ಅದು ರಸ್ತೆಯಂತೆ ಕಾಣುವುದು. ಮಣ್ಣಿನ ರಸ್ತೆ ಬೇಕೆಂದರೆ ಕೆಮ್ಮಣ್ಣನ್ನು ಚೆನ್ನಾಗಿ ಒಣಗಿಸಿ ತೆಳು ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮಲೆನಾಡಿನ ಕಡೆಯ ಮಣ್ಣಿನ ಬಣ್ಣ ಫೋಟೋದಲ್ಲಿ ಬಹಳ ಚೆನ್ನಾಗಿ ಬರುತ್ತದೆ, ಅದರ ಮೇಲೆ ಒಂದು ಜೀಪ್ ನಿಲ್ಲಿಸಿ ನೋಡಿ. ನೀರು ಮಾತ್ರ ಮಾತು ಕೇಳಲ್ಲ. 2 ಮಿಮೀ ಹನಿ ಈ ಕಾರಿನ ಲೆಕ್ಕದಲ್ಲಿ 13 ಸೆಂಮೀ ಗುಂಡು. ಮಳೆಯ ದೃಶ್ಯ ಮಾಡಬೇಕಂದರೆ ತೀರ ಸಣ್ಣ ತುಂತುರು ಬಿಡುವ ಸ್ಪ್ರೇ ಬೇಕು, ಅದೂ ದೂರದಿಂದ.

ಧೂಳಿನದು ಇದೇ ಕಥೆ. ಹತ್ತನೇ ಒಂದು ಮಿಮೀ ಧೂಳಿನ ಕಣ ಕಾರಿನ ಮೇಲೆ 6 ಮಿಮೀ ಕಸ. ಬ್ಲೋವರ್ ಮೊದಲು, ಆಮೇಲೆ ಮೇಕಪ್ಪಿಗೆ ಬಳಸುವಂಥ ಮೆತ್ತನೆ ಕುಂಚ. ಬಟ್ಟೆಯಲ್ಲಿ ಒರೆಸಿದರೆ ದಾರದ ಎಳೆ ಉಳಿಯುತ್ತದೆ. ಕಾರನ್ನು ಚಕ್ರ ಹಿಡಿದು ಎತ್ತಿ, ಬೆರಳಿನ ಗುರುತು ತಪ್ಪುತ್ತದೆ.

1:43 ಸೇರಿಸುವವರಿಗೂ 150 ಸಾಕು. 1:18 ಕಾರು 25 ಸೆಂಮೀ ಉದ್ದ ಇರುತ್ತದೆ. ಅದರ ಡ್ಯಾಶ್‌ಬೋರ್ಡ್, ಎಂಜಿನ್ ತೆಗೆಯಲು ಕಿಟ್ ಲೆನ್ಸಿನ 0.36 ಪಟ್ಟೇ ಸಾಕಾಗುತ್ತದೆ, ರೇನಾಕ್ಸ್ ಬೇಕಿಲ್ಲ. ಈಗಾಗಲೇ 250 ತಗೊಂಡಿದ್ದರೆ ಮಾರಬೇಡಿ. ಜೂಮನ್ನು 100ರಿಂದ 150ರ ನಡುವೆ ಇಟ್ಟು, ಲ್ಯಾಂಪನ್ನು ಪೂರ್ತಿ ಪಕ್ಕಕ್ಕೆ ತಂದು ತೆಗೆಯಿರಿ. ಹಳೆಯದು ಕೊಳ್ಳುವವರು ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಇದೆಯಾ ನೋಡಿ, ನಮ್ಮ ಕರಾವಳಿ ಮಳೆಗಾಲಕ್ಕೆ ಅದು ಬೇಗ ಹಿಡಿಯುತ್ತದೆ, ಮತ್ತು 43ರ ತಿರುಪು ಸವೆದಿಲ್ಲ ಅಂತ ಒಂದು ರಿಂಗ್ ಹಾಕಿ ತಿರುಗಿಸಿ ನೋಡಿಯೇ ದುಡ್ಡು ಕೊಡಿ.